ತತ್ತ್ವಶಾಸ್ತ್ರದಲ್ಲಿ ನನಗೆ ಬಂದ ಎರಡು ಮಾರ್ಕ್ಸು

ಕಳೆದ ಬುಧವಾರ ಸಂಜೆ ನನ್ನ ಮಗಳು ಮೈತ್ರಿ ನನ್ನ ಉತ್ತರಪತ್ರಿಕೆ ತಿದ್ದಿ ಹತ್ತಕ್ಕೆ ಎರಡು ಮಾರ್ಕ್ಸು ಕೊಟ್ಟಳು. ಅದೂ ಕೆಂಪು ಪೆನ್ನಿನಲ್ಲಿ, ದೊಡ್ಡದಾಗಿ ಸುತ್ತು ಹಾಕಿ.

ಇಪ್ಪತ್ತೆರಡು ವರ್ಷದಿಂದ ದೇಶದ ರಾಜಧಾನಿಯಲ್ಲಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲು ಬರೆಯುತ್ತಿರುವವಳು ನಾನು. ನನ್ನ ಬರವಣಿಗೆಗೆ ನಮ್ಮ ದೊಡ್ಡ ಸಾಹೇಬರೇ ತಲೆದೂಗುತ್ತಾರೆ.

ಆಗಿದ್ದಿಷ್ಟು. ಮೈತ್ರಿ ಈ ವರ್ಷ ಹನ್ನೆರಡನೇ ಕ್ಲಾಸು ಮುಗಿಸಿದ್ದಾಳೆ. ಕಾಲೇಜಿನ ಆನ್‌ಲೈನ್ ಫಾರ್ಮಿನಲ್ಲಿ ಬೇಕಾದ ಕೋರ್ಸುಗಳನ್ನು ಒಂದು, ಎರಡು ಅಂತ ಸಾಲಾಗಿ ತುಂಬಬೇಕು. ಶುಕ್ರವಾರ ಕೊನೆಯ ದಿನ. ಅವಳಿಗೆ ಮೊದಲನೆಯದು ತತ್ತ್ವಶಾಸ್ತ್ರ ಆಗಬೇಕು, ನನಗೆ ಬಿ.ಕಾಂ.

ಹತ್ತು ದಿನದಿಂದ ಅವಳು ಕೇಳುತ್ತಿದ್ದಳು, ಹತ್ತು ದಿನದಿಂದ ನಾನು "ನೋಡೋಣ" ಅನ್ನುತ್ತಿದ್ದೆ. ಅವರಪ್ಪ "ಅಮ್ಮ ಹೇಗೆ ಹೇಳ್ತಾಳೋ ಹಾಗೆ" ಅಂತ ಫೈಲನ್ನು ನನ್ನ ಟೇಬಲ್ಲಿಗೆ ತಳ್ಳಿ ಟಿವಿ ಮುಂದೆ ಕೂತುಬಿಟ್ಟಿದ್ದರು.

ಭಾನುವಾರ ಕೊನೆಗೂ ಬಾಯಿಬಿಟ್ಟೆ. ಅದನ್ನು ಓದಿದರೆ ಕೆಲಸ ಸಿಗುವುದಿಲ್ಲ ಅಂದೆ.

"ನಿಂಗೆ ಹೇಗೆ ಗೊತ್ತು?"

ಎಲ್ಲರಿಗೂ ಗೊತ್ತು ಅಂದೆ. ಎಲ್ಲರೂ ಅಂದರೆ ಯಾರು ಅಂತ ಕೇಳಿದಳು. ಯೋಚಿಸಿ ನೋಡಿದರೆ... ನಮ್ಮ ಸೆಕ್ಷನ್ನಿನ ಮೀನಾಜಿ ಊಟದ ಹೊತ್ತಿನಲ್ಲಿ ಹೇಳಿದ್ದು. ಮೀನಾಜಿಯ ನಾದಿನಿಯ ಮಗ ಘಾಜಿಯಾಬಾದಿನಲ್ಲಿ ಅದನ್ನು ಓದಿ ಮನೆಯಲ್ಲಿ ಕೂತಿದ್ದಾನಂತೆ. ಆ ಹುಡುಗನನ್ನು ನಾನು ನೋಡಿಲ್ಲ. ನಾದಿನಿಯನ್ನೂ ನೋಡಿಲ್ಲ.

ಮೈತ್ರಿ ತತ್ತ್ವಶಾಸ್ತ್ರದ ಒಂದು ತೆಳ್ಳನೆಯ ಪುಸ್ತಕ ತಂದು ಕೈಗಿಟ್ಟು, ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಹೇಳಿದಳು. "ಪೆಹಲೇ ಫಸ್ಟ್ ಚಾಪ್ಟರ್ ಓದು ಅಮ್ಮ. ಲಾಸ್ಟಲ್ಲಿ ಒಂದು ಕ್ವೆಶ್ಚನ್ ಇದೆ, ಆನ್ಸರ್ ಬರಿ. ಆಮೇಲೂ ನೀನು ಬಿ.ಕಾಂ ಅಂದ್ರೆ, ಚಲೋ, ಬಿ.ಕಾಂ."

ಒಂದು ಚಾಪ್ಟರಿಗೆ ಬಿ.ಕಾಂ ಬರುತ್ತದೆ ಅಂದರೆ ಒಳ್ಳೆಯ ವ್ಯಾಪಾರ ಅಂದುಕೊಂಡು ಒಪ್ಪಿದೆ.

ಮೆಟ್ರೋದಲ್ಲಿ ಕೂತು ಓದಿದೆ. ಏನೇನು ಇದೆ ಅಂತ ಕೇಳುವುದು ತತ್ತ್ವಮೀಮಾಂಸೆಯಂತೆ. ಅದು ಇದೆ ಅಂತ ನಿನಗೆ ಹೇಗೆ ಗೊತ್ತು ಅಂತ ಪೀಡಿಸುವುದು ಜ್ಞಾನಮೀಮಾಂಸೆ. ನನ್ನ ಮಗಳಿಗೆ ಅಂಟಿರುವ ಕಾಯಿಲೆಯ ಹೆಸರು ಇಲ್ಲಿ ಸಿಕ್ಕಿತು.

ಒಂದು ಮಾತಿನಿಂದ ಇನ್ನೊಂದು ಮಾತು ಸರಿಯಾಗಿ ಹೊರಡುತ್ತದೋ ಇಲ್ಲವೋ ನೋಡುವುದು ತರ್ಕಶಾಸ್ತ್ರ. ಚೆಂದ ಅಂದರೇನು ಅಂತ ಕೇಳುವುದು ಸೌಂದರ್ಯಮೀಮಾಂಸೆ. ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಟವರುಗಳಿಗೆ ನೇರಳೆ ಬಣ್ಣ ಹೊಡೆಸಿದಾಗಿನಿಂದ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತಿರುವುದು ಇದೇ ಇರಬೇಕು.

ಏನು ಮಾಡುವುದು ಸರಿ ಅಂತ ಕೇಳುವುದು ನೀತಿಶಾಸ್ತ್ರ. ಆ ಪುಟದಲ್ಲಿದ್ದಾಗ ಲಕ್ಷ್ಮೀನಗರ ಸ್ಟೇಷನ್ನಿನಲ್ಲಿ ಒಬ್ಬ ಅಜ್ಜಿ ಹತ್ತಿ ನನ್ನ ಮುಂದೆಯೇ ನಿಂತರು. ಪುಟ ಮುಗಿಸಿ ಎದ್ದರಾಯಿತು ಅಂತ ತಲೆ ಎತ್ತಲಿಲ್ಲ. ಮುಗಿಸಿ ನೋಡಿದರೆ ಅಜ್ಜಿ ಇಳಿದು ಹೋಗಿದ್ದರು.

ಕೊನೆಯಲ್ಲಿದ್ದ ಪ್ರಶ್ನೆ ಇದು: ನಂಬಿಕೆಗೂ ತಿಳಿವಳಿಕೆಗೂ ಇರುವ ವ್ಯತ್ಯಾಸವೇನು? ನಿಮ್ಮ ಬದುಕಿನಿಂದ ಒಂದು ಉದಾಹರಣೆ ಕೊಡಿ.

ಬುಧವಾರ ಊಟದ ಬ್ರೇಕಿನಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬರೆದೆ. ಅದರ ಕನ್ನಡ ಹೀಗಾಗುತ್ತದೆ...

"ಸದರಿ ವಿಷಯವನ್ನು ಪರಿಶೀಲಿಸಲಾಗಿದೆ. ತಕ್ಕ ಆಧಾರವಿಲ್ಲದ ನಂಬಿಕೆಯನ್ನು ತಿಳಿವಳಿಕೆಯೆಂದು ಪರಿಗಣಿಸಲಾಗದು ಎಂದು ಅಭಿಪ್ರಾಯಪಡಲಾಗಿದೆ. ಉದಾಹರಣೆಯನ್ನು ಯಥಾಸಮಯದಲ್ಲಿ ಒದಗಿಸಲಾಗುವುದು. ಸಕ್ಷಮ ಪ್ರಾಧಿಕಾರದ ಆದೇಶಕ್ಕಾಗಿ ಮಂಡಿಸಿದೆ."

ಕೆಳಗೆ ಸಹಿ, ತಾರೀಖು. ಕೈ ತಾನಾಗಿಯೇ ಹಾಕಿತ್ತು.

ಮೈತ್ರಿ ಓದಿ ಸೋಫಾದ ಮೇಲೆ ಬಿದ್ದು ನಕ್ಕಳು. ಅವರಪ್ಪನಿಗೂ ಓದಿ ಹೇಳಿದಳು, ಅವರೂ ನಕ್ಕರು. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಬರೆದಳು, ಅಭಿಪ್ರಾಯಪಟ್ಟಿದ್ದು ಯಾರು ಅಂತ.

"ಅಮ್ಮ, ಇದ್ರಲ್ಲಿ ನೀನೆಲ್ಲಿದ್ದೀಯ? ನಂಗೂ ದಸ್ ದಿನ್ ಸೇ ಹೀಗೇ ಹೇಳ್ತಿದೀಯ." ಅಷ್ಟು ಹೊತ್ತಿಗೆ ಅವಳ ನಗು ನಿಂತುಹೋಗಿತ್ತು.

ನನಗೆ ಸಿಟ್ಟು ಬಂತು. ರಾತ್ರಿಯ ಚಪಾತಿಗಳನ್ನು ಸ್ವಲ್ಪ ಜೋರಾಗಿಯೇ ಲಟ್ಟಿಸಿದೆ. ಆದರೆ ಅವಳು ಹೇಳಿದ್ದು ಸುಳ್ಳೇನಲ್ಲ ಅಂತಲೂ ಒಳಗೊಳಗೇ ಅನ್ನಿಸಿತು.

ಗುರುವಾರ ಸಂಜೆ ಕಚೇರಿಯಿಂದ ಬಂದವಳೇ ಹೊಸ ಹಾಳೆ ಹಿಡಿದು ಡೈನಿಂಗ್ ಟೇಬಲ್ಲಿಗೆ ಕೂತೆ. ಪೆನ್ನು ಓಡುತ್ತಿಲ್ಲ. "ನನಗೆ" ಅಂತ ಶುರುವಾಗುವ ವಾಕ್ಯವನ್ನು ನಾನು ಬರೆಯುವುದು ರಜೆ ಬೇಕಾದಾಗ ಮಾತ್ರ.

ಇಂಗ್ಲಿಷಿನಲ್ಲಿ ಮೂರು ಸಲ ಬರೆದು ಹೊಡೆದುಹಾಕಿದೆ. ಮೂರೂ ಸಲ ಫೈಲೇ ಆಯಿತು. ಕೊನೆಗೆ ಕನ್ನಡದಲ್ಲಿ ಬರೆದು ಅವಳ ಮುಂದೆ ಇಟ್ಟೆ.

ಮೈತ್ರಿಗೆ ಕನ್ನಡದ ಅಕ್ಷರ ಒಂದು ಬೇಸಿಗೆ ರಜೆಯಲ್ಲಿ ನಾನೇ ಕಲಿಸಿದ್ದೆ. ಈಗಲೂ ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತಾಳೆ. ಬೆರಳಿಟ್ಟು ಓದತೊಡಗಿದಳು.

"ಮೈತ್ರಿ ತತ್ತ್ವಶಾಸ್ತ್ರ ಓದಿದರೆ ಕೆಲಸ ಸಿಗುವುದಿಲ್ಲ ಅನ್ನುವುದು ನನ್ನ ನಂಬಿಕೆ. ಅದಕ್ಕೆ ಆಧಾರ ಮೀನಾಜಿ. ನನಗೆ ನಿಜವಾಗಿ ಗೊತ್ತಿರುವುದು ಒಂದೇ. ನನಗೆ ಭ... ಯ... ಭಯ ಆಗಿದೆ."

ಅಲ್ಲಿಗೆ ನಿಂತಳು. ಅವರಪ್ಪ ಟಿವಿ ಸೌಂಡು ಕಡಿಮೆ ಮಾಡಿದರು. ನನ್ನ ಭಯವನ್ನು ಅವಳ ತೊದಲು ಓದಿನಲ್ಲಿ ಕೇಳಿ ನನಗೆ ಅಳುವೇ ಬಂದುಬಿಟ್ಟಿತು.

ಲ್ಯಾಪ್‌ಟಾಪ್ ಎಳೆದುಕೊಂಡು ತತ್ತ್ವಶಾಸ್ತ್ರವನ್ನು ಮೊದಲ ಸಾಲಿಗೆ ನಾನೇ ತಂದಿಟ್ಟೆ. ಎರಡನೆಯ ಸಾಲಿನಲ್ಲಿ ಬಿ.ಕಾಂ ಇದೆ. ಅಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು.

ಶುಕ್ರವಾರ ಕಚೇರಿಯಲ್ಲಿ ಟಿಫಿನ್ ಬ್ಯಾಗು ತೆರೆದರೆ ಡಬ್ಬಿಯ ಮೇಲೆ ಅದೇ ಹಾಳೆ. ಹತ್ತಕ್ಕೆ ಒಂಬತ್ತು.

ಕೆಳಗೆ ಸೊಟ್ಟ ಸೊಟ್ಟ ಕನ್ನಡದಲ್ಲಿ, ನನ್ನ ಹಾಗೆಯೇ ಸಹಿ, ತಾರೀಖು ಹಾಕಿ, ಬರೆದಿದ್ದಾಳೆ... "ನೋಡಿದೆ. ನನಗೂ ಭಯ."

ನಿಮ್ಮ ಮನೆಯಲ್ಲಿ "ನೋಡೋಣ" ಅನ್ನಿಸಿಕೊಂಡು ಕಾಯುತ್ತಾ ಕೂತಿರುವ ಫೈಲು ಯಾವುದು?