ಬಲಗಡೆಯ ಸ್ವರ

ನಾನೂ ನನ್ನ ತಂಗಿಯ ಗಂಡನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಕುಶಾಲನಗರದ ಹತ್ತಿರ ನಮ್ಮೂರಿನ ಭಜನಾ ಮಂದಿರದಲ್ಲಿ ಮೂವತ್ತು ವರ್ಷ ಜೊತೆಗೆ ಹಾಡಿದೆವು. ನಾನು ಒಂದು ಸಾಲು ಹೇಳಿದರೆ ಮುಂದಿನದನ್ನು ಅವನು ಎತ್ತಿಕೊಳ್ಳುತ್ತಿದ್ದ. ತಾಳ ತಪ್ಪದವನು ನಾನು, ಪದಗಳೆಲ್ಲ ಬಾಯಿಪಾಠ ಇದ್ದವನು ನಾನು. ಜನ ಮೆಚ್ಚಿದ್ದು ಅವನ ಸ್ವರವನ್ನು. ನನ್ನ ಹೆಂಡತಿಯೇ ಒಮ್ಮೆ ಶುಂಠಿ ತೊಳೆಯುತ್ತಾ, “ನೀವು ಮಗ್ಗಿ ಒಪ್ಪಿಸ್ದಂಗೆ ಹೇಳ್ತೀರಿ, ಅವ್ರು ಹಾಡ್ತಾರೆ” ಅಂದಳು. ನಕ್ಕುಬಿಟ್ಟೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಎರಡು ವರ್ಷದ ಹಿಂದೆ ಭಾವನ ಗಂಟಲಿಗೆ ಆಪರೇಶನ್ ಆಯಿತು. ಈಗ ಬರೀ ಉಸಿರಿನಲ್ಲಿ ಮಾತಾಡುತ್ತಾನೆ. ಅವನ ಹಾಡು ಉಳಿದಿದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ನಾನೇ ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದು. ಎಡಗಡೆ ನಾನು, ಬಲಗಡೆ ಅವನು. ಅದನ್ನು ಮೊಬೈಲಿಗೆ ಹಾಕಿಕೊಡು ಎಂದು ತಂಗಿಯ ಕೈಲಿ ಹೇಳಿಸಿದ.

ನನ್ನ ಹಳೇ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್. ಟೇಪ್‌ರೆಕಾರ್ಡರಿನ ವಯರನ್ನು ಅದರ ಹಿಂದೆ ಶಬ್ದ ಒಳಗೆ ಹೋಗುವ ನೀಲಿ ತೂತಿಗೆ ಚುಚ್ಚಿದೆ. ಎಡಗಡೆ ಮಾತ್ರ ಕೇಳಿಸಿತು. ವಯರು ಬದಲಿಸಿದೆ, ಟೇಪಿನ ಹೆಡ್ ಒರೆಸಿದೆ. ಸೌಂಡ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಸರಿಯಿಲ್ಲವೆಂದು ವಾರವಿಡೀ ಅದರ ಹಿಂದೆ ಬಿದ್ದೆ. ಕಡೆಗೆ ನೋಡಿದರೆ ಡ್ರೈವರ್ ಸರಿಯಾಗೇ ಇತ್ತು. ಶಬ್ದ ಏರಿಸಿ ಇಳಿಸುವ ಮಿಕ್ಸರಿನ ಪರದೆಯಲ್ಲಿ, ಒಳಬರುವ ಶಬ್ದದ ಬಲಗಡೆಯ ಪಟ್ಟಿ ಸೊನ್ನೆಯಲ್ಲಿ ಕೂತಿತ್ತು. ಒಂದು ಕೀ ಒತ್ತುತ್ತಾ ಹೋದೆ. ಪಟ್ಟಿ ಏರಿತು, ಭಾವನ ಸ್ವರ ಕೋಣೆ ತುಂಬಿತು. ಅಡಿಗೆಮನೆಯಲ್ಲಿ ಹೆಂಡತಿಯ ಪಾತ್ರೆಯ ಸದ್ದು ನಿಂತಿತು. ನನ್ನ ಸಾಲುಗಳಿಗೆ ಆ ಸದ್ದು ನಿಂತಿರಲಿಲ್ಲ.

ಆ ಪಟ್ಟಿಯನ್ನು ಮತ್ತೆ ಸೊನ್ನೆಗೆ ಇಳಿಸಿದೆ. ಬೇಕೆಂದೇ ಇಳಿಸಿದೆ. ನನ್ನ ಸ್ವರ ಮಾತ್ರ ಇರುವ ಹಾಗೇ ರೆಕಾರ್ಡ್ ಮಾಡಿ ಕೊಟ್ಟು, ಬಲಗಡೆಯದಕ್ಕೆ ಡ್ರೈವರ್ ಸಿಗಲಿಲ್ಲ ಅಂದೆ. ಅವನು ಕೈ ಮುಗಿದ.

ನಾಲ್ಕು ತಿಂಗಳಾದ ಮೇಲೆ ತಂಗಿ ಫೋನಿನಲ್ಲಿ ಬೇರೇನೋ ಹೇಳುತ್ತಾ ಇದನ್ನೂ ಹೇಳಿದಳು. “ದಿನಾ ಹಾಕ್ಕೋತಾರಣ್ಣ. ನಿನ್ ಸಾಲು ಮುಗ್ದು ಖಾಲಿ ಬರ್ತದಲ್ಲ, ಅಲ್ಲಿ ತಮ್ ಸಾಲಿಗೆ ಬಾಯಾಡಿಸ್ತಾ ಕೂತಿರ್ತಾರೆ.”

ಫೋನಿಟ್ಟು ಮತ್ತೆ ಕ್ಯಾಸೆಟ್ ಹಾಕಿದೆ. ಈ ಸಲ ಅವನ ಕಡೆಯನ್ನು ಪೂರ್ತಿ ಏರಿಸಿ, ನನ್ನದನ್ನು ಅರ್ಧಕ್ಕೆ ಇಳಿಸಿದೆ. ತೆಗೆದುಕೊಂಡು ಹೋಗಿ, ಮಾಡಿದ್ದನ್ನೆಲ್ಲ ಅವನೆದುರೇ ಹೇಳಿದೆ. ತಂಗಿ ಎದ್ದು ಒಳಗೆ ಹೋದಳು. ಅವನು ಮೊಬೈಲನ್ನು ಕಿವಿಗೆ ಹಿಡಿದು ಕೊನೆಯ ಪದದವರೆಗೂ ಕೇಳಿದ. ಆಮೇಲೆ ಹತ್ತಿರ ಬಾ ಎಂದು ಸನ್ನೆ ಮಾಡಿದ.

“ನಿಂದು ಸಣ್ಣಕೆ ಕೇಳ್ತದೆ ಭಾವ. ಅವತ್ತು ಹಿಂಗಿರ್ಲಿಲ್ಲ. ಎರಡೂ ಸಮ ಮಾಡ್ಕೊಂಡ್ ಬಾ.”

ಕ್ಷಮಿಸಿದನೋ ಇಲ್ಲವೋ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮನೆಗೆ ಬಂದು ಎರಡೂ ಪಟ್ಟಿಗಳನ್ನು ಒಂದೇ ಮಟ್ಟಕ್ಕೆ ತಂದೆ. ಸಮ ಇದ್ದರೂ ಅವನದೇ ಮೇಲು. ಬಲಗಡೆಯದನ್ನು ಇಳಿಸುವ ಕೀ ಮೇಲೆ ಮತ್ತೆ ಬೆರಳು ಹೋಯಿತು. ಕೈಯನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕ್ಯಾಸೆಟ್ ಮುಗಿಯುವವರೆಗೂ ಕೂತಿದ್ದೆ.