ಬಾಗಿಲ ಹೊರಗೆ ಬಿಟ್ಟ ಚಪ್ಪಲಿ

ಹೋದ ಭಾನುವಾರ ಮಗಳ ಹುಟ್ಟುಹಬ್ಬ. ಟೋಕಿಯೋ ಪಕ್ಕದ ಗ್ಯೋಟೋಕುವಿನ ನಮ್ಮ ಪುಟ್ಟ ಫ್ಲ್ಯಾಟಿಗೆ ಸುತ್ತಲಿನ ಕನ್ನಡದ ಮನೆಗಳ ಮಕ್ಕಳೆಲ್ಲ ಬಂದಿದ್ದರು. ಬಾಗಿಲ ಹೊರಗೆ ಚಪ್ಪಲಿ, ಬೂಟುಗಳ ರಾಶಿ. ಜಪಾನಿನಲ್ಲಿ ಎಷ್ಟು ವರ್ಷ ಇದ್ದರೇನು, ನಮ್ಮವರಿಗೆ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟರೇ ಸಮಾಧಾನ. "ಕಾರಿಡಾರಲ್ಲಿ ಏನೂ ಇಡಬಾರ್ದು ಅಂತ ನೋಟಿಸ್ ಹಾಕಿದಾರೆ ಕಣೇ, ಒಳಗೆ ತಗೋ," ಎಂದರು ನಮ್ಮ ಯಜಮಾನರು. ಎತ್ತಿಡಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಪಕ್ಕದ ಮನೆಯ ಅಕ್ಕ ನೆನಪಾದರು...

ಅಕ್ಕ ಚೀನಾದವರು. ಊಟದ ಡಬ್ಬಿ ತುಂಬುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಗಂಡ ಊರಿನಲ್ಲಿ, ವಯಸ್ಸಾದ ಅತ್ತೆಯ ಜೊತೆ. ನಾನು ಮದುವೆಯಾಗಿ ಮೈಸೂರಿನಿಂದ ಬಂದ ಹೊಸತರಲ್ಲಿ ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಹಾಲು ತರಲೂ ಹೆದರುತ್ತಿದ್ದೆ. ಕೈಹಿಡಿದು ಕರೆದುಕೊಂಡು ಹೋದವರು ಇವರೇ. ನಮ್ಮಿಬ್ಬರದೂ ಹರಕುಮುರುಕು ಜಪಾನಿ. ಆ ಭಾಷೆ ಕೇಳಿದರೆ ಜಪಾನಿನವರು ಕಿವಿ ಮುಚ್ಚಿಕೊಳ್ಳಬೇಕು, ಆದರೆ ನಮಗೆ ಮಾತು ಯಾವತ್ತೂ ಕಡಿಮೆ ಬೀಳಲಿಲ್ಲ. ಅವರನ್ನು ಅಕ್ಕ ಎಂದೇ ಕರೆದೆ. ಅರ್ಥ ಹೇಳಿದ ಮೇಲೆ ಅವರಿಗೂ ಅದೇ ಇಷ್ಟವಾಯಿತು.

ಒಂದು ಭಾನುವಾರ ಊಟಕ್ಕೆ ಕರೆದರು. ಅಭ್ಯಾಸದಂತೆ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋದೆ. ಅಕ್ಕನ ಮುಖ ಬಿಳಿಚಿಕೊಂಡಿತು. ಸರಕ್ಕನೆ ಹೊರಗೆ ಹೋಗಿ ನನ್ನ ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬೀರುವಿನಲ್ಲಿಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ದೊಡ್ಡವರು ನನ್ನ ಚಪ್ಪಲಿ ಮುಟ್ಟುವುದೆಂದರೇನು! "ಅಯ್ಯೋ ಅಕ್ಕಾ, ನೀವ್ಯಾಕೆ ಮುಟ್ಟಿದ್ರಿ?" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಬೀರುವಿನಲ್ಲಿ ಅಂಥ ಚೀಲಗಳು ಇನ್ನೂ ಇದ್ದವು. ಒಳಕೋಣೆಯಲ್ಲಿ ಅವರ ಊರಿನ ಕಡೆಯ ನಾಲ್ಕೈದು ಜನ ಕೂತಿದ್ದರು.

ಅಕ್ಕ ಆಮೇಲೆ ಬಿಡಿಸಿ ಹೇಳಿದರು. ಅವರು ಯೇಸುವನ್ನು ನಂಬಿದವರು. ಅವರ ಊರಿನಲ್ಲಿ ಸರ್ಕಾರ ಒಪ್ಪಿದ ಚರ್ಚಿಗೆ ಮಾತ್ರ ಹೋಗಬೇಕು, ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುವಂತಿಲ್ಲ. ಆದರೂ ಅಕ್ಕನ ಗಂಡ ಮನೆಯಲ್ಲೇ ಪ್ರಾರ್ಥನೆ ನಡೆಸುತ್ತಿದ್ದರು. ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಹೆಚ್ಚಾಗಿ ಕಂಡರೂ ಸಾಕು, ಯಾರಾದರೂ ಹೋಗಿ ದೂರು ಕೊಡುತ್ತಿದ್ದರಂತೆ. ಅದಕ್ಕೇ ಒಬ್ಬೊಬ್ಬರಾಗಿ ಬರುವುದು, ಚಪ್ಪಲಿಯನ್ನು ಚೀಲದಲ್ಲಿ ಬಚ್ಚಿಡುವುದು, ಕಿಟಕಿ ಮುಚ್ಚಿ ಬರೀ ಉಸಿರಿನಲ್ಲಿ ಹಾಡುವುದು. ಅವತ್ತೂ ಹಾಗೇ ಹಾಡಿದರು. ತುಟಿಗಳು ಆಡುತ್ತಿದ್ದವು, ದನಿಯೇ ಇಲ್ಲ. ಮೈಕಿನಲ್ಲಿ ಸುಪ್ರಭಾತ ಕೇಳಿ ಬೆಳೆದ ನನಗೆ ತಡೆಯಲಾಗಲಿಲ್ಲ.

"ಇಲ್ಲಿ ಯಾರು ಕೇಳ್ತಾರೆ ಅಕ್ಕಾ? ಜೋರಾಗಿ ಹಾಡಿ," ಎಂದೆ.

"ಹಾಡ್ಬೇಕು ಅಂತ ಬಾಯಿ ತೆಗೀತೀನಿ, ದನಿ ಬರೋದೇ ಇಲ್ಲ," ಎಂದು ನಕ್ಕರು.

ಮರುವರ್ಷ ಚಳಿಗಾಲದಲ್ಲಿ ಅಕ್ಕನಿಗೆ ಚೀನಾದಿಂದ ಫೋನು ಬಂತು. 'ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ' ಎಂದಷ್ಟೇ ನಾದಿನಿ ಹೇಳಿದ್ದು. ಪೊಲೀಸರು ಕರೆದುಕೊಂಡು ಹೋದರೆ ಫೋನಿನಲ್ಲಿ ಹೇಳುವ ರೀತಿಯೇ ಅದು. ಅತ್ತೆ ಹಾಸಿಗೆ ಹಿಡಿದಿದ್ದರು, ನಾದಿನಿ ಇದ್ದದ್ದು ದೂರದ ಪಟ್ಟಣದಲ್ಲಿ. ಅಕ್ಕ ಊರಿಗೆ ಹೊರಟು ನಿಂತರು. ಹೋದರೆ ಇವರನ್ನೂ ಹಿಡಿಯಬಹುದು ಎಂದು ಜೊತೆಯವರೆಲ್ಲ ಬೇಡವೆಂದರು. ನಾನೂ ಅತ್ತು ಜಗಳವಾಡಿದೆ. "ಅತ್ತೆಗೆ ಗಂಜಿ ಕುಡಿಸೋರು ಬೇಕಲ್ಲ ತಂಗಿ," ಎಂದರು.

ಹೊರಡುವ ಮುಂಚಿನ ಭಾನುವಾರ ಮತ್ತೆ ಕರೆದರು. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದೆ. ಅಕ್ಕ ಅದನ್ನು ಕಿತ್ತುಕೊಂಡು ಹೊರಗಿಟ್ಟರು. ಬೀರುವಿನಲ್ಲಿದ್ದ ಚೀಲಗಳನ್ನು ತಂದು, ಎಲ್ಲರ ಬೂಟುಗಳನ್ನೂ ಬಾಗಿಲ ಮುಂದೆ ಸಾಲಾಗಿ ಜೋಡಿಸಿದರು. ಕಿಟಕಿ ತೆರೆದರು. ಆಮೇಲೆ ಹಾಡಲು ಶುರುಮಾಡಿದರು. ಮೊದಲು ದನಿ ಒಡೆಯಿತು, ಕೆಮ್ಮಿದರು, ಮತ್ತೆ ಎತ್ತಿಕೊಂಡರು. ಉಳಿದವರು ಹೆದರುತ್ತಾ ಹೆದರುತ್ತಾ ದನಿಗೂಡಿಸಿದರು. ದೇವರಾಣೆ, ಅಕ್ಕನಿಗೆ ಶ್ರುತಿಯ ಗಂಧಗಾಳಿಯೂ ಇರಲಿಲ್ಲ. ನನ್ನ ಕಣ್ಣಲ್ಲಿ ಮಾತ್ರ ನೀರು ನಿಲ್ಲಲಿಲ್ಲ.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ಹಾಡು ಕಡಿದಂತೆ ನಿಂತಿತು. ಒಬ್ಬಾಕೆ ಹಾಡಿನ ಪುಸ್ತಕವನ್ನು ಕೋಟಿನೊಳಗೆ ತೂರಿಸಿಕೊಂಡಳು. ನಾನೇ ಎದ್ದು ಹೋದೆ. ಕೆಳಗಿನ ಮನೆಯ ಅಜ್ಜ ಸೊಂಟ ಬಗ್ಗಿಸಿ ನಿಂತಿದ್ದರು. "ಸುಮಿಮಾಸೆನ್... ಹಾಡು ನಮ್ಮ ಮನೆಗೂ ಕೇಳಿಸ್ತಿದೆ. ಒಂಚೂರು ಮೆಲ್ಲಗೆ ಆಗುತ್ತಾ?" ಎಂದರು. ನಾನೂ ಸುಮಿಮಾಸೆನ್ ಸುಮಿಮಾಸೆನ್ ಎಂದು ಬಗ್ಗಿ ಬಗ್ಗಿ ಕ್ಷಮೆ ಕೇಳಿ ಕಳಿಸಿದೆ.

ಒಳಗೆ ಬಂದು ಹೇಳಿದೆ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು, ನಗುತ್ತಲೇ ಅತ್ತರು. "ಕೆಳಗಿನ ಮನೆ ತನಕ ಕೇಳಿಸ್ತಂತಾ? ನಿಜವಾಗ್ಲೂ ಕೇಳಿಸ್ತಂತಾ?" ಎಂದು ಮತ್ತೆ ಮತ್ತೆ ಕೇಳಿದರು.

ಊರು ಮುಟ್ಟಿದ್ದೇನೆ ಎಂದು ಒಮ್ಮೆ ಫೋನು ಮಾಡಿದರು. ಆಮೇಲೆ ಆ ನಂಬರಿಗೆ ಕರೆ ಹೋಗಲೇ ಇಲ್ಲ. ಜೊತೆಯವರನ್ನು ಕೇಳಿದರೆ, "ಆಸ್ಪತ್ರೆಗೆ ಸೇರಿದ್ದಾರಂತೆ," ಎಂದು ನೆಲ ನೋಡಿದರು. ಪಕ್ಕದ ಮನೆಗೆ ಬೇರೆ ಯಾರೋ ಬಂದಿದ್ದಾರೆ. ಅಕ್ಕ ಇನ್ನು ಬರಲಾರರು ಎಂದು ನನಗೂ ಗೊತ್ತು. ಆದರೂ ಲಿಫ್ಟಿನ ಸದ್ದಾದರೆ ಈಗಲೂ ಕಿವಿ ನಿಮಿರುತ್ತದೆ...

ಒಳಗೆ ಮಕ್ಕಳು ಕಿರುಚಿ ಹಾಡುತ್ತಿದ್ದರು. "ತೆಗೀಲಿಲ್ವೇನೇ ಇನ್ನೂ?" ಎಂದರು ಯಜಮಾನರು. "ಇರ್ಲಿ ಬಿಡಿ, ಯಾರಾದ್ರೂ ಬಂದು ಕೇಳಿದ್ರೆ ನಾನೇ ಸುಮಿಮಾಸೆನ್ ಅಂತೀನಿ," ಎಂದೆ. ಮಕ್ಕಳ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ, ಬಾಗಿಲನ್ನು ಹಾಗೇ ತೆರೆದಿಟ್ಟು ಒಳಗೆ ಬಂದೆ.