ಐದು ಗಂಟೆಗೆ ಅಂಗಳ ತೊಳೆದಾಗ

ಕಳೆದ ಶನಿವಾರ, ಸಂಜೆ ಐದು ಗಂಟೆ. ಬಸವೇಶ್ವರನಗರದ ನಮ್ಮ ಮನೆಯಂಗಳದಲ್ಲಿ ಚಿತ್ರೀಕರಣಕ್ಕೆ ಬಂದಿದ್ದ ಧಾರಾವಾಹಿ ತಂಡದ ಹತ್ತು ಮಂದಿ ಮತ್ತು ನಾನು.

“ನೀರು ಹಾಕಿದ್ದು ಯಾರು?” ನಿರ್ದೇಶಕರು ಕೇಳಿದರು.

“ನಾನೇ. ದಿನಾ ಐದಕ್ಕೆ ತೊಳೀತೀನಿ,” ಎಂದೆ.

“ಇವತ್ತೊಂದಿನ ಬಿಟ್ಟಿದ್ರೆ ಆಗ್ತಿರ್ಲಿಲ್ವಾ ಅಮ್ಮಾ?”

ಅವರು ಟೀ ಕುಡಿಯಲು ಹೋಗಿದ್ದಾಗ ಅಭ್ಯಾಸದಂತೆ ಎರಡು ಬಕೆಟ್ ಸುರಿದುಬಿಟ್ಟಿದ್ದೆ. ಅದೇ ದೃಶ್ಯದ ಮೊದಲರ್ಧವನ್ನು ಒಣನೆಲದ ಮೇಲೆ ಚಿತ್ರೀಕರಿಸಿದ್ದರು; ಉಳಿದರ್ಧದಲ್ಲಿ ನೆಲ ಒದ್ದೆಯಿದ್ದರೆ ಹೊಂದುತ್ತಿರಲಿಲ್ಲ. ತಾಯಿಯ ಪಾತ್ರದ ನಟಿ ಮರುದಿನದಿಂದ ಸಿಗುವಂತಿರಲಿಲ್ಲ. ಅಂಗಳದಲ್ಲಿ ಇನ್ನು ಹತ್ತು ನಿಮಿಷದ ಬಿಸಿಲಷ್ಟೇ ಉಳಿದಿತ್ತು.

ಇಬ್ಬರು ಬಟ್ಟೆ ಹಿಡಿದು ಒರೆಸತೊಡಗಿದರು. ಕಲ್ಲುಹಾಸು ಒಣಗುವ ಲಕ್ಷಣವೇ ಕಾಣಲಿಲ್ಲ. ಕ್ಯಾಮೆರಾ ಹಿಂದಿದ್ದ ಛಾಯಾಗ್ರಾಹಕಿ, ಮೂವತ್ತರ ಹುಡುಗಿ, ಸುಮ್ಮನೆ ನಟಿಯ ಮುಖವನ್ನೇ ನೋಡುತ್ತಿದ್ದಳು.

“ಒರೆಸ್ಬೇಡಿ. ಸಾರ್, ನೆಲ ತೋರ್ಸಲ್ಲ, ಮುಖ ಮಾತ್ರ ತಗೋತೀನಿ. ಆಂಟಿ, ಇವರ ಮುಂದೆ ಇನ್ನೊಂದು ಬಕೆಟ್ ನೀರು ಹಾಕ್ತೀರಾ?” ಎಂದಳು.

ಹಾಕಿದೆ. ನೀರಿನ ಮೇಲೆ ಬಿದ್ದ ಬಿಸಿಲು ನಟಿಯ ಕೆನ್ನೆಗೆ ಚಿಮ್ಮಿ ಮೆಲ್ಲಗೆ ಅಲುಗಿತು. ಆಕೆ ಒಂದೇ ಸಲಕ್ಕೆ ಮಾತು ಮುಗಿಸಿದಳು. ಛಾಯಾಗ್ರಾಹಕಿ ತಲೆಯೆತ್ತಿ “ಓಕೆ” ಎನ್ನುವಷ್ಟರಲ್ಲಿ ಅಂಗಳಕ್ಕೆಲ್ಲ ನೆರಳು ಬಂದಿತ್ತು.

ಮೂವತ್ತು ವರ್ಷ ಈ ಅಂಗಳ ತೊಳೆದಿದ್ದೇನೆ. ತೊಳೆದ ನೆಲ ಎದುರು ನಿಂತವರ ಮುಖಕ್ಕೆ ಬೆಳಕು ಕೊಡುವುದನ್ನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಅವರೆಲ್ಲ ಹೊರಟ ಮೇಲೆ ಹೆಜ್ಜೆ ಗುರುತುಗಳನ್ನು ಮತ್ತೆ ತೊಳೆದು, ಬಕೆಟ್ ಬೋರಲು ಹಾಕಿದೆ.